ಎತ್ತರವೇ ಪಂಚಾಂಗವಾದ ನಾಡು

ಎವರೆಸ್ಟ್ ಶಿಖರ ಎಲ್ಲಿದೆ ಎಂದು ಕೇಳಿದರೆ ಐದನೆಯ ತರಗತಿಯ ಹುಡುಗನೂ ಥಟ್ಟನೆ ಉತ್ತರ ಹೇಳುತ್ತಾನೆ. ನೇಪಾಳ ಮತ್ತು ಟಿಬೆಟ್‌ನ ಗಡಿಯಲ್ಲಿ. ಎತ್ತರವನ್ನೂ ಹೇಳಬಲ್ಲ: 8,848 ಮೀಟರ್. ಸ್ವಲ್ಪ ಹೆಚ್ಚು ಓದಿಕೊಂಡವರು, 2020ರ ಡಿಸೆಂಬರ್‌ನಲ್ಲಿ ನೇಪಾಳ ಮತ್ತು ಚೀನಾ ಜಂಟಿಯಾಗಿ ಪ್ರಕಟಿಸಿದ 8,848.86 ಮೀಟರ್ ಎಂಬ ಹೊಸ ಅಳತೆಯನ್ನು ನೆನಪಿಸಿಯಾರು. ಆದರೆ ಎವರೆಸ್ಟ್ ಯಾವ ಪಂಚಾಯಿತಿಗೆ ಸೇರಿದೆ ಎಂದು ಕೇಳಿದರೆ ಮೇಷ್ಟರೂ ತಲೆ ಕೆರೆದುಕೊಳ್ಳಬೇಕಾದೀತು.

ಪ್ರಶ್ನೆ ತಮಾಷೆಯದಲ್ಲ. ಶಿಖರದ ನೇಪಾಳದ ಮಗ್ಗುಲು ಒಂದು ಸ್ಥಳೀಯ ಸಂಸ್ಥೆಯ ವ್ಯಾಪ್ತಿಗೆ ಸೇರಿದೆ. ಅದರ ಹೆಸರು ಖುಂಬು ಪಾಸಾಂಗ್‌ಲ್ಹಾಮು ಗಾಂವ್‌ಪಾಲಿಕಾ. ಗಾಂವ್ ಎಂದರೆ ಹಳ್ಳಿ. ಕನ್ನಡದಲ್ಲಿ ಗ್ರಾಮಪಾಲಿಕೆ ಎನ್ನಬಹುದು. ನೇಪಾಳದ 2015ರ ಸಂವಿಧಾನದ ಪ್ರಕಾರ ದೇಶದ ಹಳೆಯ ಗ್ರಾಮ ಸಮಿತಿಗಳನ್ನು ಕೂಡಿಸಿ, 2017ರಲ್ಲಿ ಹೊಸ ಸ್ಥಳೀಯ ಸಂಸ್ಥೆಗಳನ್ನು ರಚಿಸಲಾಯಿತು. ಇಂಥ ಒಟ್ಟು 753 ಸಂಸ್ಥೆಗಳಲ್ಲಿ 460 ಗ್ರಾಮಪಾಲಿಕೆಗಳು. ಸೋಲುಖುಂಬು ಜಿಲ್ಲೆಯ ಉತ್ತರದ ತುದಿಯಲ್ಲಿರುವ ಖುಂಬು ಅವುಗಳಲ್ಲೊಂದು. ವಿಸ್ತೀರ್ಣ ಸುಮಾರು 1,500 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು ಒಂಬತ್ತು ಸಾವಿರ. ಲೆಕ್ಕ ಹಾಕಿದರೆ ಚದರ ಕಿಲೋಮೀಟರಿಗೆ ಆರೇ ಜನ!

ಗ್ರಾಮಪಾಲಿಕೆಯ ಹೆಸರಿನಲ್ಲೇ ಒಂದು ಕಥೆಯಿದೆ. ಇಲ್ಲಿಯ ಮುಖ್ಯ ನಿವಾಸಿಗಳಾದ ಶೆರ್ಪಾ ಜನ ಮಗು ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುವುದುಂಟು. ಭಾನುವಾರ ಹುಟ್ಟಿದರೆ ನಿಮಾ, ಸೋಮವಾರ ದಾವಾ, ಮಂಗಳವಾರ ಮಿಂಗ್ಮಾ, ಬುಧವಾರ ಲ್ಹಾಕ್ಪಾ, ಗುರುವಾರ ಫುರ್ಬಾ, ಶುಕ್ರವಾರ ಪಾಸಾಂಗ್, ಶನಿವಾರ ಪೆಂಬಾ. ಪಾಸಾಂಗ್ ಲ್ಹಾಮು ಇಂಥ ಒಬ್ಬ ಶುಕ್ರವಾರದ ಹೆಣ್ಣುಮಗಳು. ಮೂರು ಸಲ ಎವರೆಸ್ಟ್ ಏರಲು ಹೋಗಿ ಹಿಂದಿರುಗಿದ್ದ ಆಕೆ ನಾಲ್ಕನೆಯ ಪ್ರಯತ್ನದಲ್ಲಿ, 1993ರ ಏಪ್ರಿಲ್ 22ರಂದು, ಶಿಖರ ಮುಟ್ಟಿದಳು. ಆ ಸಾಧನೆ ಮಾಡಿದ ನೇಪಾಳದ ಮೊದಲ ಮಹಿಳೆ ಆಕೆ. ಇಳಿಯುವಾಗ ಹವೆ ಕೆಟ್ಟಿತು. ಪಾಸಾಂಗ್ ಮರಳಿ ಬರಲಿಲ್ಲ. ಹುಟ್ಟಿದ ನಾಡು ಈಗ ಆಕೆಯ ಹೆಸರನ್ನೇ ಹೊತ್ತಿದೆ.

ಮೆಟ್ಟಿಲುಗಳ ಭೂಗೋಲ

ಖುಂಬುವಿಗೆ ಹೋಗುವ ಹೆಚ್ಚಿನವರು ಇಳಿಯುವುದು ಲುಕ್ಲಾದ ಪುಟ್ಟ ವಿಮಾನ ನಿಲ್ದಾಣದಲ್ಲಿ. ಎತ್ತರ ಸುಮಾರು 2,860 ಮೀಟರ್. ಓಡುಹಾದಿಯ ಉದ್ದ ಕೇವಲ 527 ಮೀಟರ್. ಇಷ್ಟು ಗಿಡ್ಡ ಹಾದಿಯಲ್ಲಿ ವಿಮಾನ ನಿಲ್ಲುವುದು ಹೇಗೆ? ಹಾದಿಯನ್ನೇ ಓರೆಯಾಗಿ ಮಾಡಿದ್ದಾರೆ. ನೂರು ಮೀಟರಿಗೆ ಸುಮಾರು ಹನ್ನೆರಡು ಮೀಟರಿನಷ್ಟು ಏರು. ಅಂದರೆ ಒಂದು ತುದಿಗಿಂತ ಇನ್ನೊಂದು ತುದಿ ಅರುವತ್ತು ಮೀಟರಿನಷ್ಟು ಮೇಲಿದೆ. ಇಳಿಯುವ ವಿಮಾನ ಏರುದಿಕ್ಕಿನಲ್ಲಿ ಓಡುವುದರಿಂದ ಗುರುತ್ವವೇ ಬ್ರೇಕು ಹಾಕುತ್ತದೆ. ಹೊರಡುವಾಗ ಇಳಿಜಾರಿನಲ್ಲಿ ಅದೇ ಗುರುತ್ವ ಬೇಗನೆ ವೇಗ ಕೊಡುತ್ತದೆ. ಭೌತಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಲುಕ್ಲಾದಿಂದ ಮುಂದೆ ಮೋಟಾರು ರಸ್ತೆ ಇಲ್ಲ. ಕಾಲುದಾರಿ ದೂಧ್ ಕೋಶಿ ನದಿಯ ಕಣಿವೆಯಲ್ಲಿ ಸಾಗುತ್ತದೆ. ದೂಧ್ ಎಂದರೆ ಹಾಲು. ಮೇಲಿನ ಹಿಮನದಿಗಳು ಜರಗುವಾಗ ಅಡಿಯ ಬಂಡೆಯನ್ನು ಹಿಟ್ಟಿನಂತೆ ಅರೆಯುತ್ತವೆ. ಆ ನುಣ್ಣನೆಯ ಕಲ್ಲುಹಿಟ್ಟು ನೀರಿನಲ್ಲಿ ತೇಲುವುದರಿಂದ ಹೊಳೆಗೆ ಹಾಲಿನ ಬಣ್ಣ. ಇದೇ ನೀರು ಮುಂದೆ ಸುನ್‌ಕೋಶಿಯನ್ನು ಸೇರಿ, ಬಿಹಾರದ ಕೋಸಿಯಾಗಿ, ಗಂಗೆಗೆ ಬಂದು ಬೀಳುತ್ತದೆ.

ಕೆಳಗೆ ಕಣಿವೆ ಕಡಿದಾಗಿದೆ, ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ. ಇದು ನದಿ ಕೊರೆದದ್ದು. ನಾಮ್ಚೆ ಬಜಾರ್ (3,440 ಮೀಟರ್) ದಾಟಿ ಇನ್ನೂ ಮೇಲೆ ಹೋದಂತೆ ಕಣಿವೆಗಳು ಅಗಲವಾಗಿ ‘ಯು’ ಅಕ್ಷರದಂತಾಗುತ್ತವೆ. ಇವು ಹಿಮನದಿ ಕೆತ್ತಿದವು. ಒಂದು ಕಾಲದಲ್ಲಿ ಹಿಮನದಿ ಎಲ್ಲಿಯವರೆಗೆ ಇಳಿದಿತ್ತು ಎಂಬುದನ್ನು ಕಣಿವೆಯ ಆಕಾರದಿಂದಲೇ ಊಹಿಸಬಹುದು. ಖುಮ್‌ಜುಂಗ್ (ಸುಮಾರು 3,790), ಥಾಮೆ (ಸುಮಾರು 3,800), ಪಾಂಗ್‌ಬೋಚೆ (ಸುಮಾರು 3,985), ಡಿಂಗ್‌ಬೋಚೆ (4,410) ಹೀಗೆ ಊರುಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಸುಮಾರು ನಾಲ್ಕು ಸಾವಿರ ಮೀಟರಿನ ಹೊತ್ತಿಗೆ ಮರಗಳು ಮುಗಿಯುತ್ತವೆ. ಆಮೇಲೆ ಕುರುಚಲು ಗಿಡ, ಹುಲ್ಲು, ಕಲ್ಲು, ಹಿಮ. ಎಲ್ಲಕ್ಕೂ ಮೇಲೆ ಎವರೆಸ್ಟ್. ಆ ನೆತ್ತಿಯ ಕಲ್ಲು ಸುಣ್ಣಶಿಲೆ. ಅದರಲ್ಲಿ ನಲವತ್ತು ಕೋಟಿ ವರ್ಷಗಳಿಗೂ ಹಿಂದಿನ ಸಮುದ್ರಜೀವಿಗಳ ಅವಶೇಷಗಳಿವೆ. ಜಗತ್ತಿನ ನೆತ್ತಿ ಒಮ್ಮೆ ಕಡಲಿನ ತಳವಾಗಿತ್ತು!

ಅನ್ನ ಬೇಯದ ಊರು

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಮೆಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಕಡಲತೀರದಲ್ಲೂ ಎವರೆಸ್ಟ್ ತುದಿಯಲ್ಲೂ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ. ಕಡಮೆಯಾಗುವುದು ವಾಯುಭಾರ. 5,364 ಮೀಟರ್ ಎತ್ತರದ ಮೂಲಶಿಬಿರದಲ್ಲಿ ವಾಯುಭಾರ ಸಮುದ್ರಮಟ್ಟದ ಅರ್ಧದಷ್ಟು, ಶಿಖರದಲ್ಲಿ ಮೂರನೆಯ ಒಂದರಷ್ಟು. ಹೀಗಾಗಿ ಒಂದು ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ.

ಇದರ ಪರಿಣಾಮ ಅಡುಗೆಮನೆಯಲ್ಲೂ ಕಾಣುತ್ತದೆ. ನಾಮ್ಚೆಯಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಮೂಲಶಿಬಿರದಲ್ಲಿ ಸುಮಾರು 82 ಡಿಗ್ರಿಗೆ. ಪಾತ್ರೆ ಕೊತಕೊತ ಕುದಿಯುತ್ತಿದ್ದರೂ ಬೇಳೆ ಮಾತ್ರ ಬೇಯುವುದಿಲ್ಲ. ಪ್ರೆಷರ್ ಕುಕ್ಕರ್ ಇಲ್ಲಿ ಅನುಕೂಲದ ವಸ್ತುವಲ್ಲ, ಅಗತ್ಯದ ವಸ್ತು.

ತಗ್ಗಿನಿಂದ ಬಂದವರ ದೇಹ ಈ ಕೊರತೆಯನ್ನು ಹೆಚ್ಚು ಕೆಂಪು ರಕ್ತಕಣಗಳಿಂದ ತುಂಬಲು ನೋಡುತ್ತದೆ. ಅದು ಅತಿಯಾದರೆ ರಕ್ತ ಮಂದವಾಗಿ ಹೃದಯಕ್ಕೆ ಹೊರೆಯಾಗುತ್ತದೆ. ಶೆರ್ಪಾ ಜನರಲ್ಲಿ ಮತ್ತು ಟಿಬೆಟಿಯನ್ನರಲ್ಲಿ ಸಾಮಾನ್ಯವಾಗಿರುವ ‘ಇಪಿಎಎಸ್1’ ಎಂಬ ಜೀನಿನ ಒಂದು ರೂಪ ಈ ಏರಿಕೆಗೆ ಕಡಿವಾಣ ಹಾಕುತ್ತದೆ. ಡೆನಿಸೋವನ್ ಎಂಬ, ಈಗ ಅಳಿದುಹೋಗಿರುವ ಮಾನವ ಬಳಗದಿಂದ ಈ ಜೀನ್ ಟಿಬೆಟಿಯನ್ನರಿಗೆ ಬಂದಿದೆ ಎಂದು 2014ರ ಸಂಶೋಧನೆಯೊಂದು ತೋರಿಸಿತು. ಶೆರ್ಪಾಗಳ ಸ್ನಾಯುಕೋಶಗಳು ಸಿಕ್ಕ ಆಮ್ಲಜನಕವನ್ನು ಹೆಚ್ಚು ದಕ್ಷವಾಗಿ ಬಳಸುತ್ತವೆ ಎಂದು 2017ರ ಅಧ್ಯಯನ ತಿಳಿಸಿತು. ಆದರೆ ಜೀನು ಉಸಿರಾಟವನ್ನು ನೋಡಿಕೊಳ್ಳಬಹುದು, ಹೊಟ್ಟೆ ತುಂಬಿಸಲಾರದು. ಅದಕ್ಕೆ ಬೇಕಾದದ್ದು ಬೇರೆ ಬುದ್ಧಿ.

ತಿಂಗಳಿಗೊಂದು ಎತ್ತರ

ಶೆರ್ಪಾ ಎಂಬ ಹೆಸರಿಗೆ ‘ಪೂರ್ವದವರು’ ಎಂದರ್ಥ. ಸುಮಾರು ಐದುನೂರು ವರ್ಷಗಳ ಹಿಂದೆ ಇವರ ಪೂರ್ವಜರು ಪೂರ್ವ ಟಿಬೆಟ್‌ನ ಖಾಮ್ ಪ್ರಾಂತದಿಂದ ಹಿಮದ ಕಣಿವೆಗಳನ್ನು ದಾಟಿ ಇಲ್ಲಿಗೆ ಬಂದರು. ಭಾಷೆ ಟಿಬೆಟಿಯನ್ ಭಾಷೆಗೆ ಹತ್ತಿರದ್ದು. ಧರ್ಮ ಬೌದ್ಧಧರ್ಮದ ನ್ಯಿಂಗ್ಮಾ ಪಂಥ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಸುವರ್ಣಮಂದಿರವೆಂದು ಹೆಸರಾದ ನಾಮ್‌ಡ್ರೋಲಿಂಗ್ ಮಠವೂ ಇದೇ ಪಂಥದ್ದು. ಶೆರ್ಪಾಗಳಲ್ಲದೆ ರಾಯ್, ತಮಾಂಗ್, ಮಗರ್ ಮೊದಲಾದವರೂ ಈ ಪಾಲಿಕೆಯಲ್ಲಿ ಇದ್ದಾರೆ.

ಒಂದು ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಲುಕ್ಲಾಕ್ಕೂ ಡಿಂಗ್‌ಬೋಚೆಗೂ ಸುಮಾರು ಹತ್ತು ಡಿಗ್ರಿ ವ್ಯತ್ಯಾಸ. ಒಂದೇ ತಿಂಗಳಲ್ಲಿ ಕೆಳಗಿನ ಊರಲ್ಲಿ ಪೈರು ಬಲಿತಿದ್ದರೆ, ಮೇಲಿನ ಊರಲ್ಲಿ ಇನ್ನೂ ಹಸಿರಾಗಿರುತ್ತದೆ. ಖುಂಬುವಿನ ಜನ ಈ ವ್ಯತ್ಯಾಸವನ್ನೇ ಬದುಕಿನ ಆಧಾರ ಮಾಡಿಕೊಂಡರು. ಮುಖ್ಯ ಮನೆ ನಡುವಿನ ಎತ್ತರದಲ್ಲಿ. ಅದಕ್ಕಿಂತ ಮೇಲೆ ಬೇಸಗೆ, ಮಳೆಗಾಲಗಳಿಗೆಂದು ಕಲ್ಲಿನ ಗುಡಿಸಲು ಮತ್ತು ಹುಲ್ಲುಗಾವಲು. ಕೆಲವರಿಗೆ ಕೆಳಗೆ ಚಳಿಗಾಲದ ಮನೆ. ಪಂಚಾಂಗ ಅಲ್ಲಿ ಗೋಡೆಯ ಮೇಲೆ ತೂಗುವುದಿಲ್ಲ, ಬೆಟ್ಟದ ಮೈಮೇಲೆ ಹರಡಿದೆ. ಯಾವ ತಿಂಗಳಲ್ಲಿ ಯಾವ ಎತ್ತರದಲ್ಲಿರಬೇಕು ಎಂಬುದೇ ಅದರ ತಿಥಿ, ನಕ್ಷತ್ರ.

ಈ ಪಂಚಾಂಗವನ್ನು ಪಾಲಿಸುವಂತೆ ನೋಡಿಕೊಳ್ಳಲು ಊರಿನವರೇ ನೇಮಿಸುತ್ತಿದ್ದ ಕಾವಲುಗಾರನಿಗೆ ‘ನಾವಾ’ ಎಂದು ಹೆಸರು. ಪೈರು ಬೆಳೆಯುವ ಕಾಲದಲ್ಲಿ ಇಂಥ ದಿನದೊಳಗೆ ದನಗಳೆಲ್ಲ ಊರು ಬಿಟ್ಟು ಮೇಲೆ ಹೋಗಬೇಕು ಎಂದು ಆತ ಸಾರುತ್ತಿದ್ದ. ತಪ್ಪಿದವರಿಗೆ ದಂಡ. ಇದರಿಂದ ಎರಡು ಲಾಭ: ಪೈರು ಉಳಿಯಿತು, ಕೆಳಗಿನ ಹುಲ್ಲು ಚಳಿಗಾಲಕ್ಕೆ ಬೆಳೆಯಿತು. ಕಾಡಿಗೂ ಇಂಥ ನಾವಾಗಳಿದ್ದರು. ಪರಿಸರ ಸಂರಕ್ಷಣೆ ಎಂಬ ಮಾತು ಪಠ್ಯಪುಸ್ತಕಕ್ಕೆ ಬರುವ ಎಷ್ಟೋ ಮೊದಲೇ ಇದ್ದ ಏರ್ಪಾಡು ಇದು.

ದನಗಳಲ್ಲೂ ಎತ್ತರದ ಲೆಕ್ಕವಿದೆ. ಗಂಡು ಯಾಕ್, ಹೆಣ್ಣು ನಾಕ್. ಇವು ಚಳಿಯ ಪ್ರಾಣಿಗಳು, ತಗ್ಗಿಗೆ ಇಳಿದರೆ ಬಳಲುತ್ತವೆ. ಸಾಮಾನ್ಯ ದನಗಳು ತೀರ ಮೇಲೆ ಬಾಳಲಾರವು. ಎರಡರ ಮಿಶ್ರತಳಿ ನಡುವಿನ ಎತ್ತರಕ್ಕೆ ಹೇಳಿ ಮಾಡಿಸಿದ್ದು. ಹೆಣ್ಣು ಹೆಚ್ಚು ಹಾಲು ಕೊಡುತ್ತದೆ, ಗಂಡು ಹೊರೆ ಹೊರುತ್ತದೆ. ಆದರೆ ಗಂಡಿಗೆ ಸಂತಾನಶಕ್ತಿ ಇಲ್ಲ. ಆದ್ದರಿಂದ ತಳಿ ಮುಂದುವರಿಯಲು ಎರಡೂ ಮೂಲಜಾತಿಗಳನ್ನು ಸಾಕಲೇಬೇಕು.

ಹೊಲದ ದೊರೆ ಆಲೂಗಡ್ಡೆ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅದು ಖುಂಬುವಿಗೆ ಬಂತು. ಅದಕ್ಕೂ ಮೊದಲು ಬಾರ್ಲಿ ಮತ್ತು ಹುರುಳಿ ಗೋಧಿ ಎಂದು ಕರೆಯುವ ‘ಬಕ್‌ವೀಟ್’ ಆಧಾರವಾಗಿದ್ದವು. ಆಲೂಗಡ್ಡೆಯಿಂದ ಆಹಾರ ಹೆಚ್ಚಿ, ಜನಸಂಖ್ಯೆ ಬೆಳೆದು, ಮಠಗಳೂ ಎದ್ದವು ಎಂದು ಮಾನವಶಾಸ್ತ್ರಜ್ಞ ಫ್ಯೂರರ್-ಹೈಮೆನ್‌ಡಾರ್ಫ್ ವಾದಿಸಿದರು. ಆಲೂಗಡ್ಡೆಯೊಂದರಿಂದಲೇ ಇಷ್ಟೆಲ್ಲ ಆಗಿರಲಾರದು ಎಂದು ನಂತರದ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆದರೆ ಅಗೆದ ಗಡ್ಡೆ ಹಿಮಗಟ್ಟಿ ಕೆಡದಂತೆ ನೆಲದೊಳಗೆ ಗುಂಡಿ ತೋಡಿ ಹೂಳುವುದು, ಅದನ್ನು ಅರೆದು ‘ರಿಕಿಕುರ್’ ಎಂಬ ದಪ್ಪ ರೊಟ್ಟಿ ಸುಡುವುದು ಖುಂಬುವಿನ ಮನೆಮನೆಯ ಮಾತು.

ಉಪ್ಪು, ಅಯೋಡಿನ್ ಮತ್ತು ಶಾಲೆ

ಹೊಲದ ಜೊತೆಗೆ ವ್ಯಾಪಾರವೂ ಇತ್ತು. 5,700 ಮೀಟರಿಗೂ ಎತ್ತರದ ನಾಂಗ್ಪಾ ಲಾ ಕಣಿವೆಯನ್ನು ದಾಟಿ ಟಿಬೆಟ್‌ನಿಂದ ಉಪ್ಪು, ಉಣ್ಣೆ ಬರುತ್ತಿದ್ದವು, ಇಲ್ಲಿಂದ ಧಾನ್ಯ ಹೋಗುತ್ತಿತ್ತು. 1959ರ ನಂತರ ಟಿಬೆಟ್‌ನ ರಾಜಕೀಯ ಬದಲಾದ ಮೇಲೆ ಆ ವ್ಯಾಪಾರ ಸೊರಗಿತು.

ಆ ಉಪ್ಪಿನಲ್ಲಿ ಒಂದು ಕೊರತೆಯೂ ಇತ್ತು. ಮಳೆ ಮತ್ತು ಹಿಮ ಬೆಟ್ಟದ ಮಣ್ಣಿನಿಂದ ಅಯೋಡಿನ್ನನ್ನು ತೊಳೆದೊಯ್ದಿದ್ದವು. ಟಿಬೆಟ್‌ನ ಉಪ್ಪಿನಲ್ಲೂ ಅದು ಸಾಲದಷ್ಟಿತ್ತು. ಪರಿಣಾಮ ಗಳಗಂಡ. ಅದಕ್ಕಿಂತ ಘೋರವೆಂದರೆ, ಹುಟ್ಟುವಾಗಲೇ ಬುದ್ಧಿ ಮತ್ತು ಶ್ರವಣಶಕ್ತಿ ಕುಂಠಿತವಾದ ಮಕ್ಕಳು. 1966ರಲ್ಲಿ ಖುಂಡೆ ಎಂಬ ಊರಿನಲ್ಲಿ ಆಸ್ಪತ್ರೆ ಆರಂಭವಾದಾಗ ವೈದ್ಯರು ಜನರಿಗೆ ಅಯೋಡಿನ್ ಬೆರೆತ ಎಣ್ಣೆಯ ಚುಚ್ಚುಮದ್ದು ಕೊಟ್ಟರು. ಮುಂದೆ ಅಂಥ ಮಕ್ಕಳು ಹುಟ್ಟುವುದು ಬಹುಮಟ್ಟಿಗೆ ನಿಂತೇಹೋಯಿತು. ಸೂಜಿಯಷ್ಟು ಸಣ್ಣ ಉಪಾಯ ಒಂದು ತಲೆಮಾರನ್ನೇ ಕಾಪಾಡಿತು.

ಈ ಆಸ್ಪತ್ರೆಯ ಹಿಂದೆ ಇದ್ದವರು ಸರ್ ಎಡ್ಮಂಡ್ ಹಿಲರಿ. 1953ರ ಮೇ 29ರಂದು ಅವರ ಜೊತೆ ಎವರೆಸ್ಟ್ ಏರಿದ ತೇನ್‌ಸಿಂಗ್ ನೋರ್ಗೆ ಬಾಲ್ಯವನ್ನು ಕಳೆದದ್ದು ಥಾಮೆಯಲ್ಲಿ. ಶೆರ್ಪಾಗಳಿಗೆ ಏನು ಬೇಕೆಂದು ವಿಚಾರಿಸಿದಾಗ ಅವರು ಕೇಳಿದ್ದು ಶಾಲೆ. 1961ರಲ್ಲಿ ಖುಮ್‌ಜುಂಗ್‌ನಲ್ಲಿ ಶಾಲೆ ತೆರೆಯಿತು. ಲುಕ್ಲಾದ ವಿಮಾನ ನಿಲ್ದಾಣ 1964ರಲ್ಲಿ ಸಿದ್ಧವಾಯಿತು. ಆ ಶಾಲೆಯಲ್ಲಿ ಕಲಿತವರು ವಿಮಾನ ಚಾಲಕರಾದರು, 1976ರಲ್ಲಿ ಸ್ಥಾಪನೆಯಾದ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಅಧಿಕಾರಿಗಳಾದರು. ಖುಂಡೆ ಆಸ್ಪತ್ರೆಗೆ ಸಹಾಯಕನಾಗಿ ಸೇರಿದ ಶೆರ್ಪಾ ಯುವಕನೊಬ್ಬ ಮುಂದೆ ವೈದ್ಯ ಪದವಿ ಪಡೆದು ಅದೇ ಆಸ್ಪತ್ರೆಯನ್ನು ನಡೆಸಿದ.

ಪ್ರವಾಸಿಗರು ಬಂದರು, ವಸತಿಗೃಹಗಳು ಎದ್ದವು, ಕೈಯಲ್ಲಿ ಹಣ ಓಡಾಡಿತು. ಆದರೆ ಶಿಖರದ ಕೂಲಿಗೆ ಜೀವದ ಬೆಲೆಯೂ ಉಂಟು. 2014ರ ಏಪ್ರಿಲ್ 18ರಂದು ಖುಂಬು ಹಿಮಪಾತದ ದಾರಿಯಲ್ಲಿ ನೀರ್ಗಲ್ಲ ರಾಶಿ ಕುಸಿದು ಹದಿನಾರು ಮಂದಿ ನೇಪಾಳಿ ಕೆಲಸಗಾರರು ಸತ್ತರು. ತಾನು ಹೊತ್ತ ಹೊರೆಯನ್ನು ಮಗ ಹೊರಬಾರದು ಎಂದು ಯಾವ ತಂದೆಗೆ ಅನಿಸುವುದಿಲ್ಲ? ಅನುಕೂಲವಿದ್ದವರು ಮಕ್ಕಳನ್ನು ಕಠ್ಮಂಡುವಿನ ಶಾಲೆಗಳಿಗೆ ಕಳಿಸಿದರು. ಹೋದ ಮಕ್ಕಳಲ್ಲಿ ಅನೇಕರು ಹಿಂದಿರುಗಲಿಲ್ಲ. ಮೇಲಿನ ಹುಲ್ಲುಗಾವಲಿಗೆ ಯಾಕ್ ಹೊಡೆದುಕೊಂಡು ಹೋಗುವವರು ವಿರಳವಾದರು.

ನೆತ್ತಿಯ ಮೇಲಿನ ಕೆರೆಗಳು

ಇದೇ ಕಾಲದಲ್ಲಿ ಮೇಲೆ ಇನ್ನೊಂದು ಬದಲಾವಣೆ ನಡೆಯುತ್ತಿತ್ತು. ಭೂಮಿಯ ತಾಪ ಏರಿದಂತೆ ಹಿಮನದಿಗಳು ಕರಗಿ ಹಿಂದೆ ಸರಿಯುತ್ತವೆ. ಅವು ತಂದು ಗುಡ್ಡೆ ಹಾಕಿದ ಕಲ್ಲುಮಣ್ಣಿನ ದಿಬ್ಬ ಮಾತ್ರ ಅಲ್ಲೇ ಉಳಿದು ಅಡ್ಡಗಟ್ಟೆಯಾಗುತ್ತದೆ. ಹಿಂದೆ ನೀರು ನಿಲ್ಲುತ್ತದೆ. ಇದೊಂದು ಕೆರೆ, ಆದರೆ ಯಾರೂ ಕಟ್ಟದ ಕೆರೆ. ಅದರ ಏರಿಯನ್ನು ಯಾರೂ ತುಳಿದು ಗಟ್ಟಿ ಮಾಡಿಲ್ಲ. ಕೆಲವು ಕಡೆ ಏರಿಯೊಳಗೇ ಹಿಮ ಹುದುಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚಾದ ನೀರು ಹೋಗಲು ಭದ್ರವಾದ ಕೋಡಿ ಇಲ್ಲ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಏನಾಗುತ್ತದೆ ಎಂಬುದನ್ನು ಹಳ್ಳಿಯ ರೈತರಿಗೆ ಹೇಳಿಕೊಡಬೇಕಾಗಿಲ್ಲ.

1985ರ ಆಗಸ್ಟ್ 4ರಂದು ಥಾಮೆ ಕಣಿವೆಯ ಮೇಲಿನ ಡಿಗ್ ತ್ಸೋ ಸರೋವರಕ್ಕೆ ಭಾರಿ ನೀರ್ಗಲ್ಲ ರಾಶಿ ಕುಸಿದುಬಿತ್ತು. ಎದ್ದ ಅಲೆ ಏರಿಯನ್ನು ಹಾರಿ ಒಡೆಯಿತು. ಮುಗಿಯುವ ಹಂತದಲ್ಲಿದ್ದ ಜಲವಿದ್ಯುತ್ ಸ್ಥಾವರ, ಹದಿನಾಲ್ಕು ಸೇತುವೆಗಳು, ಸುಮಾರು ಮೂವತ್ತು ಮನೆಗಳು ಕೊಚ್ಚಿಹೋದವು.

ಇನ್ನೊಂದು ಕಣಿವೆಯಲ್ಲಿ, ಡಿಂಗ್‌ಬೋಚೆಯ ಮೇಲೆ, ಐದು ಸಾವಿರ ಮೀಟರ್ ಎತ್ತರದಲ್ಲಿ ಇಮ್ಜಾ ಸರೋವರವಿದೆ. 1950ರ ದಶಕದಲ್ಲಿ ಅಲ್ಲಿ ಇದ್ದದ್ದು ಹಿಮನದಿಯ ಮೇಲಿನ ಕೆಲವು ಹೊಂಡಗಳು ಮಾತ್ರ. ಅವು ಕೂಡಿಕೊಂಡು, ಎರಡು ಕಿಲೋಮೀಟರಿಗೂ ಉದ್ದವಾದ, ಸುಮಾರು 150 ಮೀಟರ್ ಆಳದ ಸರೋವರವಾಯಿತು. 2016ರಲ್ಲಿ ನೇಪಾಳದ ಸೈನಿಕರು ಆ ತೆಳುಗಾಳಿಯಲ್ಲಿ ದುಡಿದು ಅದಕ್ಕೊಂದು ಕೋಡಿ ತೋಡಿದರು. ನೀರಿನ ಮಟ್ಟ ಮೂರು ಮೀಟರಿಗೂ ಹೆಚ್ಚು ಇಳಿಯಿತು. ಕೆಳಗಿನ ಊರುಗಳಲ್ಲಿ ಎಚ್ಚರಿಕೆಯ ಸೈರನ್‌ಗಳನ್ನು ಇಟ್ಟರು. 150 ಮೀಟರ್ ಆಳದಲ್ಲಿ ಮೂರು ಮೀಟರ್ ಎಂದರೆ ಅಪಾಯ ಕಳೆಯಿತೆಂದಲ್ಲ, ತಗ್ಗಿತೆಂದು ಮಾತ್ರ ಅರ್ಥ.

2020ರಲ್ಲಿ ವಿಜ್ಞಾನಿಗಳು ನೇಪಾಳಕ್ಕೆ ನೀರು ಹರಿಯುವ ನದೀಪ್ರದೇಶಗಳಲ್ಲಿ 47 ಅಪಾಯಕರ ಸರೋವರಗಳ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ಥಾಮೆಯ ಮೇಲಿನ ಥ್ಯಾಂಬೋ ಸರೋವರಗಳು ಇರಲಿಲ್ಲ. ಅವು ಅಷ್ಟು ಚಿಕ್ಕವು. 2024ರ ಆಗಸ್ಟ್ 16ರ ಶುಕ್ರವಾರ ಮಧ್ಯಾಹ್ನ ಒಡೆದದ್ದು ಅವುಗಳಲ್ಲಿ ಎರಡು. ಮಣ್ಣು, ಬಂಡೆ ಹೊತ್ತ ಪ್ರವಾಹ ತೇನ್‌ಸಿಂಗ್ ಬೆಳೆದ ಊರಿಗೆ ನುಗ್ಗಿತು. ಶಾಲೆ ಹೋಯಿತು. ಆರೋಗ್ಯ ಕೇಂದ್ರ ಹೋಯಿತು. ಹಲವು ಮನೆಗಳು, ವಸತಿಗೃಹಗಳು ಹೋದವು. ನೂರಕ್ಕೂ ಹೆಚ್ಚು ಜನ ನಿರಾಶ್ರಿತರಾದರು. ಹಗಲಾಗಿದ್ದರಿಂದ ಜನ ಸದ್ದು ಕೇಳಿ ಎತ್ತರಕ್ಕೆ ಓಡಿದರು. ಒಂದು ಜೀವವೂ ಹೋಗಲಿಲ್ಲ. ಅದೇ ನೀರು ನಡುರಾತ್ರಿ ಬಂದಿದ್ದರೆ?

ಪಂಚಾಂಗಕ್ಕೆ ಹೊಸ ಪುಟ

ಉಪಗ್ರಹದ ಚಿತ್ರ ಸರೋವರದ ಅಗಲವನ್ನು ಹೇಳುತ್ತದೆ. ಏರಿಯ ಬುಡದಲ್ಲಿ ನೀರು ಜಿನುಗತೊಡಗಿದೆಯೇ, ನಿನ್ನೆ ತಿಳಿಯಾಗಿದ್ದ ತೊರೆ ಇಂದು ಕದಡಿದೆಯೇ ಎಂಬುದನ್ನು ಹೇಳಲು ಹತ್ತಿರದಲ್ಲೊಂದು ಕಣ್ಣು ಬೇಕು. ಯಾಕ್ ಕಾಯುವವನಿಗೆ ಅಂಥ ಕಣ್ಣಿತ್ತು. ಅವನು ಮೇಲೆ ಹೋಗುವುದು ಕಡಮೆಯಾದ ಕಾಲದಲ್ಲೇ ಮೇಲಿನ ಕೆರೆಗಳು ಬೆಳೆದವು ಎಂಬುದು ಖುಂಬುವಿನ ದುರ್ದೈವ.

ಹಾಗೆಂದು ಮಕ್ಕಳು ಶಾಲೆ ಬಿಟ್ಟು ಯಾಕ್ ಕಾಯಲಿ ಎಂದು ಯಾರೂ ಹೇಳರು. ಶಾಲೆಯಲ್ಲಿ ಕಲಿತ ವಿಜ್ಞಾನವನ್ನೂ, ಅಜ್ಜ ಬಲ್ಲ ಬೆಟ್ಟದ ಲಕ್ಷಣಗಳನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡವರು ಆ ಊರಿಗೆ ಈಗ ಬೇಕಾಗಿದ್ದಾರೆ. ಹಿಂದಿನ ನಾವಾ ಹುಲ್ಲನ್ನೂ ಮರವನ್ನೂ ಕಾದ. ಮುಂದಿನ ನಾವಾ ನೀರನ್ನು ಕಾಯಬೇಕಾಗಿದೆ. ಅವನ ಕೈಯಲ್ಲಿ ಕೋಲಿನ ಬದಲು ನೀರಿನ ಮಟ್ಟ ಅಳೆಯುವ ಉಪಕರಣ ಇರಬಹುದು. ಆದರೆ ವರ್ಷಕ್ಕೆ ಕೆಲವು ದಿನವಾದರೂ ಅವನು ಮೇಲಕ್ಕೆ ಹತ್ತಲೇಬೇಕು.

ಭೂಪಟದಲ್ಲಿ ದೂಧ್ ಕೋಶಿಯ ನೀಲಿ ಗೆರೆಯನ್ನು ಬೆರಳಿಟ್ಟು ಹಿಂಬಾಲಿಸಿದರೆ ಅದು ಸುನ್‌ಕೋಶಿಯಾಗಿ, ಬಿಹಾರದ ಕೋಸಿಯಾಗಿ ಗಂಗೆಗೆ ಇಳಿಯುವುದು ಕಾಣುತ್ತದೆ. ಅದೇ ಗೆರೆಯ ಮೇಲೆ ಬೆರಳನ್ನು ಹಿಂದಕ್ಕೆ, ಮೇಲಕ್ಕೆ ಸರಿಸಿದರೆ ಒಂದು ಪುಟ್ಟ ಉಪನದಿಯ ದಂಡೆಯಲ್ಲಿ ಥಾಮೆ ಸಿಗುತ್ತದೆ. ಸಾಮಾನ್ಯ ಭೂಪಟಗಳಲ್ಲಿ ಆ ಊರಿನ ಹೆಸರು ಇರುವುದಿಲ್ಲ. ಅದರ ಮೇಲಿನ ಕೆರೆಗಳು ಇರುವುದೇ ಇಲ್ಲ.